ಕೇಸ್ ಶೀಟ್ ಓದಬಲ್ಲವರಿಗೆ ಕೆಲಸವಿದೆ

ಪ್ರಶ್ನೆ: ಮಗಳು ವಿಜ್ಞಾನ ವಿಭಾಗದಲ್ಲಿ ದ್ವಿತೀಯ ಪಿಯುಸಿ ಮುಗಿಸಿದ್ದಾಳೆ. ನೀಟ್‌ನಲ್ಲಿ ಸೀಟು ಸಿಗುವಷ್ಟು ಅಂಕ ಬಂದಿಲ್ಲ. ಆರೋಗ್ಯ ಮಾಹಿತಿ ನಿರ್ವಹಣೆಯಲ್ಲಿ ಬಿ.ಎಸ್ಸಿ. ಓದುತ್ತೇನೆ ಎನ್ನುತ್ತಾಳೆ. ಆಸ್ಪತ್ರೆಯಲ್ಲಿ ಫೈಲು ಜೋಡಿಸಿಡುವ ಕೆಲಸಕ್ಕೆ ಪದವಿ ಏಕೆ ಎಂದು ನನ್ನ ಅಣ್ಣ ಕೇಳುತ್ತಾರೆ. ಏನು ಮಾಡಲಿ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಮ್ಮ ಅಣ್ಣನವರು ಕಂಡಿರುವುದು ಆಸ್ಪತ್ರೆಯ ಮೂಲೆಯಲ್ಲಿರುವ ರೆಕಾರ್ಡ್ ರೂಮನ್ನು; ಅಲ್ಲಿ ಕಪಾಟುಗಳ ನಡುವೆ ನಡೆಯುವ ಕೆಲಸ ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ. ರೋಗಿ ಡಿಸ್ಚಾರ್ಜ್ ಆದ ಮೇಲೆ ವಾರ್ಡಿನಿಂದ ಬರುವ ಕೇಸ್ ಶೀಟನ್ನು ಎಂಆರ್‌ಡಿ, ಅಂದರೆ ವೈದ್ಯಕೀಯ ದಾಖಲೆಗಳ ವಿಭಾಗದವರು, ಹಾಳೆ ಹಾಳೆಯಾಗಿ ನೋಡುತ್ತಾರೆ. ಒಪ್ಪಿಗೆ ಪತ್ರಕ್ಕೆ ಸಹಿಯಾಗಿದೆಯೇ, ಶಸ್ತ್ರಚಿಕಿತ್ಸೆಯ ಟಿಪ್ಪಣಿ ಇದೆಯೇ, ಡಿಸ್ಚಾರ್ಜ್ ಸಮ್ಮರಿಯಲ್ಲಿ ಬರೆದ ರೋಗಕ್ಕೂ ಲ್ಯಾಬ್ ವರದಿಗೂ ತಾಳೆಯಾಗುತ್ತದೆಯೇ ಎಂದು ಪರಿಶೀಲಿಸಿ, ಕೊರತೆ ಕಂಡರೆ ವೈದ್ಯರಿಗೇ ಹಿಂತಿರುಗಿಸುತ್ತಾರೆ. ಅನಂತರ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದ ಪ್ರಕಾರ ರೋಗಕ್ಕೆ ಸಂಕೇತ ಕೊಡುತ್ತಾರೆ. ಇದೇ ಕೋಡಿಂಗ್, ಪದವಿ ಏಕೆ ಬೇಕು ಎಂಬ ಪ್ರಶ್ನೆಗೆ ಉತ್ತರವೂ ಇಲ್ಲಿಯೇ ಇದೆ.

ನಿಮ್ಮ ಜಿಲ್ಲೆಯ ಸಂದರ್ಭವನ್ನೇ ತೆಗೆದುಕೊಳ್ಳೋಣ. ಅಡಿಕೆ ತೋಟದಲ್ಲಿ ವಿಷದ ಹಾವು ಕಚ್ಚಿ ಒಬ್ಬರು ದಾಖಲಾದರೆ, ಆ ವರ್ಗೀಕರಣದ ಹತ್ತನೆಯ ಆವೃತ್ತಿಯಾದ ಐಸಿಡಿ-10ರಲ್ಲಿ ವಿಷದ ಪರಿಣಾಮಕ್ಕೆ ಟಿ63.0, ಅದು ಹೇಗೆ ಸಂಭವಿಸಿತು ಎಂಬುದಕ್ಕೆ ಎಕ್ಸ್20 ಎಂದು ಎರಡು ಸಂಕೇತಗಳು ಬೇಕು. ವೈದ್ಯರು ಅವಸರದಲ್ಲಿ ‘ಕಡಿತದ ಗಾಯ’ ಎಂದಷ್ಟೇ ಬರೆದು, ದಾಖಲೆ ವಿಭಾಗದವರೂ ಅದನ್ನು ಹಾಗೆಯೇ ಒಪ್ಪಿಕೊಂಡುಬಿಟ್ಟರೆ ಆ ರೋಗಿ ಹಾವು ಕಡಿತದ ಲೆಕ್ಕದಿಂದಲೇ ಹೊರಗುಳಿಯುತ್ತಾರೆ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಸಾಲಿಗೆ ಸೇರಿಸಿದ್ದು ಈ ಲೆಕ್ಕ ತಪ್ಪಬಾರದೆಂದೇ. ಯಾವ ತಾಲ್ಲೂಕು ಆಸ್ಪತ್ರೆಗೆ ಎಷ್ಟು ವಿಷನಿರೋಧಕ ಔಷಧ ಬೇಕೆಂಬ ಅಂದಾಜಿಗೆ ಈ ಲೆಕ್ಕ ಮುಖ್ಯ ಆಧಾರ.

ಮರಣ ಕಾರಣದ ಪ್ರಮಾಣಪತ್ರದ ವಿಷಯವೂ ಹೀಗೆಯೇ. ಅದರಲ್ಲಿ ‘ಹೃದಯಸ್ತಂಭನ’ ಎಂದಷ್ಟೇ ಬರೆದಿರುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಸಾಯುವ ಎಲ್ಲರ ಹೃದಯವೂ ನಿಲ್ಲುತ್ತದೆ. ದಾಖಲಾಗಬೇಕಾದದ್ದು ಅಲ್ಲಿಗೆ ತಂದು ನಿಲ್ಲಿಸಿದ ಮೂಲ ರೋಗ. ಬಹುಕಾಲದ ಸಕ್ಕರೆ ಕಾಯಿಲೆಯಿಂದ ಮೂತ್ರಪಿಂಡ ಕೆಟ್ಟಿತ್ತೇ ಎಂದು ವೈದ್ಯರನ್ನು ಧೈರ್ಯವಾಗಿ ಕೇಳಬೇಕಾದರೆ, ಕೇಳುವವರಿಗೆ ಶರೀರಶಾಸ್ತ್ರವೂ ರೋಗಶಾಸ್ತ್ರವೂ ಗೊತ್ತಿರಬೇಕು.

ಮಗಳಿಗೆ ಈ ಎರಡು ವಿಷಯಗಳಲ್ಲಿ ನಿಜವಾದ ಆಸಕ್ತಿ ಇದ್ದರೆ ಸೇರಿಸಿ. ಕಂಪ್ಯೂಟರ್ ಮುಂದೆ ಕುಳಿತು ಮಾಡುವ ಹಗುರವಾದ ಕೆಲಸವೆಂದು ಭಾವಿಸಿದ್ದರೆ ಬೇಡ. ಮಣಿಪಾಲದಲ್ಲಿ ಇದಕ್ಕಾಗಿಯೇ ಪ್ರತ್ಯೇಕ ವಿಭಾಗವಿದೆ. ಬೇರೆ ಕಡೆ ನೋಡುವುದಾದರೆ, ಇಂಟರ್ನ್‌ಶಿಪ್ ಯಾವ ಆಸ್ಪತ್ರೆಯಲ್ಲಿ, ಅಲ್ಲಿ ಎಷ್ಟು ಹಾಸಿಗೆಗಳಿವೆ ಎಂದು ಮೊದಲು ವಿಚಾರಿಸಿ. 2021ರ ರಾಷ್ಟ್ರೀಯ ಪೂರಕ ಮತ್ತು ಆರೋಗ್ಯ ಸೇವಾ ವೃತ್ತಿಗಳ ಆಯೋಗದ ಕಾಯ್ದೆಯು ಈ ವೃತ್ತಿಯನ್ನು ತನ್ನ ಅನುಸೂಚಿಯಲ್ಲಿ ಪ್ರತ್ಯೇಕ ವರ್ಗವಾಗಿಯೇ ಹೆಸರಿಸಿದೆ ಎಂಬುದನ್ನು ಅಣ್ಣನವರಿಗೂ ತಿಳಿಸಿ.

ಪ್ರಶ್ನೆ: ನಾನು ಜೀವವಿಜ್ಞಾನದ ಪದವೀಧರೆ. ಮೂರೇ ತಿಂಗಳಲ್ಲಿ ಮೆಡಿಕಲ್ ಕೋಡಿಂಗ್ ಕಲಿಸಿ ಕೆಲಸ ಕೊಡಿಸುತ್ತೇವೆ ಎಂದು ತರಬೇತಿ ಕೇಂದ್ರವೊಂದು ದೊಡ್ಡ ಶುಲ್ಕ ಕೇಳುತ್ತಿದೆ. ಕಟ್ಟಬಹುದೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಕಲಿಸುವುದಕ್ಕೆ ಶುಲ್ಕ ಕೇಳಿದರೆ ಯೋಚಿಸಬಹುದು, ಕೆಲಸ ಕೊಡಿಸುವುದಕ್ಕೆ ಕೇಳಿದರೆ ಕಟ್ಟಬೇಡಿ. ಬೆಂಗಳೂರು, ಚೆನ್ನೈಗಳ ಕಂಪನಿಗಳಲ್ಲಿ ನಡೆಯುವ ಕೋಡಿಂಗ್ ಬಹುಮಟ್ಟಿಗೆ ಅಮೆರಿಕದ ಆಸ್ಪತ್ರೆಗಳ ವಿಮಾ ಬಿಲ್ಲಿಗೆ ಸಂಬಂಧಿಸಿದ್ದು. ಅಲ್ಲಿ 2015ರ ಅಕ್ಟೋಬರಿನಿಂದ ಐಸಿಡಿ-10ರ ಅಮೆರಿಕನ್ ರೂಪವಾದ ಐಸಿಡಿ-10-ಸಿಎಂ ಬಳಕೆಯಲ್ಲಿದೆ. ಚಿಕಿತ್ಸೆಗೆ ಸಿಪಿಟಿ ಎಂಬ ಬೇರೆಯದೇ ಸಂಕೇತಗಳಿವೆ. ಕೋಡಿಂಗ್ ವೃತ್ತಿಗೆ ಅಮೆರಿಕದ ಸಂಸ್ಥೆಯೊಂದು ನಡೆಸುವ ಸಿಪಿಸಿ ಪರೀಕ್ಷೆ ಪಾಸಾದವರಿಗೂ ಅನುಭವವಿಲ್ಲದಿದ್ದರೆ ಪ್ರಮಾಣಪತ್ರದ ಹೆಸರಿನ ಕೊನೆಯಲ್ಲಿ ‘ಎ’ ಎಂಬ ಅಕ್ಷರ ಸೇರಿರುತ್ತದೆ, ಅದು ಕಲಿಕೆಯ ಹಂತವನ್ನು ಸೂಚಿಸುತ್ತದೆ. ಇದನ್ನು ನಿಮಗೆ ಆ ಕೇಂದ್ರದವರು ಹೇಳಿದ್ದಾರೆಯೇ? ಹೊಸಬರನ್ನು ತಾವೇ ಸೇರಿಸಿಕೊಂಡು ತರಬೇತಿ ಕೊಡುವ ಕಂಪನಿಗಳೂ ಇವೆ. ನಿಮ್ಮ ಪದವಿ ಅದಕ್ಕೆ ಸಾಕು. ಮೊದಲು ಅಲ್ಲಿ ಅರ್ಜಿ ಹಾಕಿ, ಆ ಸಮಯದಲ್ಲಿ ಶರೀರರಚನೆಯ ಪುಸ್ತಕವನ್ನು ಮತ್ತೊಮ್ಮೆ ಓದಿಕೊಳ್ಳಿ.

ಪ್ರಶ್ನೆ: ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ಬಹಳ ವರ್ಷಗಳಿಂದ ಇದ್ದೇನೆ. ಎಲ್ಲವೂ ಕಂಪ್ಯೂಟರಿಗೆ ಹೋಗುತ್ತಿದೆ. ನನ್ನಂಥವರ ಕೆಲಸ ಉಳಿದೀತೇ?
– ಓದುಗರೊಬ್ಬರು, ಕಲಬುರಗಿ

ಉತ್ತರ: ಫೈಲು ಹುಡುಕಿ ತರುವ ಕೆಲಸ ಖಂಡಿತ ಕಡಿಮೆಯಾಗುತ್ತದೆ. ಆದರೆ 2021ರ ಸೆಪ್ಟೆಂಬರಿನಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ನಲ್ಲಿ ರೋಗಿಗಳ ದಾಖಲೆಗಳನ್ನು ಅವರವರ ಆರೋಗ್ಯ ಖಾತೆಯ 14 ಅಂಕಿಯ ಆಭಾ ಸಂಖ್ಯೆಗೆ ಜೋಡಿಸಬೇಕಾದಾಗ, ಹಳೆಯ ದಾಖಲೆಗಳನ್ನು ಬಲ್ಲವರೇ ಬೇಕಾಗುತ್ತಾರೆ. ನಮ್ಮಲ್ಲಿ ಒಬ್ಬರೇ ರೋಗಿ ಒಮ್ಮೆ ತಂದೆಯ ಹೆಸರಿನೊಂದಿಗೆ, ಇನ್ನೊಮ್ಮೆ ಊರಿನ ಹೆಸರಿನೊಂದಿಗೆ, ಮತ್ತೊಮ್ಮೆ ಬರೀ ಇನಿಶಿಯಲ್‌ನೊಂದಿಗೆ ನೋಂದಣಿಯಾಗಿರುತ್ತಾರೆ. ಪೆನಿಸಿಲಿನ್ ಅಲರ್ಜಿ ಒಂದು ದಾಖಲೆಯಲ್ಲಿದ್ದು ಇನ್ನೊಂದರಲ್ಲಿ ಇಲ್ಲದೆ ಹೋದರೆ ಜೀವಕ್ಕೇ ಅಪಾಯ. ಈ ಮೂವರೂ ಒಬ್ಬರೇ ಎಂದು ಹಳೆಯ ಕೇಸ್ ಶೀಟ್ ನೋಡಿ ಗುರುತಿಸುವುದು ನಿಮಗೆ ಈಗಾಗಲೇ ಬರುತ್ತದೆ. ನಿಮ್ಮ ಆಸ್ಪತ್ರೆಯ ತಂತ್ರಾಂಶದಲ್ಲಿ ಎರಡು ನೋಂದಣಿಗಳನ್ನು ಒಂದಾಗಿಸುವ ಕ್ರಮವನ್ನು ಈ ತಿಂಗಳೇ ಕಲಿತುಕೊಳ್ಳಿ, ರೋಗ ವರ್ಗೀಕರಣದ ಹೊಸ ಆವೃತ್ತಿಯಾದ ಐಸಿಡಿ-11ರ ಪರಿಚಯವನ್ನು ಅದರ ನಂತರ ಮಾಡಿಕೊಂಡರಾಯಿತು.