ದೇವರನ್ನು ನಂಬಿದವರು ದೂರು ಕೊಡಬಾರದಾ?

ನಿಮ್ಮ ಪ್ರಶ್ನೆ ಇದು: ಒಬ್ಬ ವ್ಯಕ್ತಿ ತಿಂಗಳುಗಟ್ಟಲೆ ಬೆದರಿಸುತ್ತಿದ್ದಾನೆ, ದಿನಾ ಪ್ರಾರ್ಥಿಸಿದರೂ ಭಯ ಹೋಗುತ್ತಿಲ್ಲ, ಪೊಲೀಸರಿಗೆ ದೂರು ಕೊಟ್ಟರೆ ದೇವರ ಮೇಲೆ ನಂಬಿಕೆಯಿಲ್ಲ ಅಂತಾಗುತ್ತಾ?

ಖಂಡಿತ ಇಲ್ಲ. ಮೊದಲು ದೂರು ಕೊಡಿ, ಉಳಿದದ್ದು ಆಮೇಲೆ ಓದಿ.

ನನಗೂ ಎರಡು ವರ್ಷ ಹೀಗೇ ಆಗಿತ್ತು. ಒಂದು ಜಗಳದ ಬಗ್ಗೆ ಕಂಡದ್ದನ್ನು ಕಂಡ ಹಾಗೆ ಸಾಕ್ಷಿ ಹೇಳಿದ್ದೆ, ಅಷ್ಟೇ. ರಾತ್ರಿ ಹನ್ನೊಂದರ ಮೇಲೆ ಫೋನ್ ಬರುತ್ತಿತ್ತು. ಕೆಲವು ಸಲ ಆ ಕಡೆಯಿಂದ ಮಾತೇ ಇಲ್ಲ, ಉಸಿರು ಮಾತ್ರ. ಫೋನನ್ನು ಬೋರಲು ಹಾಕಿ ಮೇಲೆ ಟವೆಲ್ ಮುಚ್ಚಿಡುತ್ತಿದ್ದೆ. ಮಲಗಿದವಳು ಮತ್ತೆ ಎದ್ದು ಬಾಗಿಲ ಚಿಲಕ ಮುಟ್ಟಿ ನೋಡುತ್ತಿದ್ದೆ. ಪ್ರಾರ್ಥನೆ ಆದಮೇಲೂ ಕೈ ನಡುಗಿದರೆ ನನ್ನ ನಂಬಿಕೆಯೇ ಸುಳ್ಳು ಅನಿಸುತ್ತಿತ್ತು.

ಆಗ ನನಗೆ ಆಸರೆಯಾದವನು ಬೈಬಲಿನ ನೆಹೆಮೀಯ. ಯೆರೂಸಲೇಮಿನ ಬಿದ್ದ ಗೋಡೆ ಕಟ್ಟಿಸಲು ಹೊರಟವನು. ಅದನ್ನು ತಡೆಯಲು ನಿಂತ ಶತ್ರುಗಳು ಸನ್ಬಲ್ಲಟ, ಟೋಬೀಯ ಮೊದಲು ಗೇಲಿ ಮಾಡಿದರು, ಆಮೇಲೆ ಮೇಲೆ ಬೀಳಲು ಸಂಚು ಮಾಡಿದರು. ಅವನು ದೇವರಿಗೆ ಮೊರೆಯಿಟ್ಟ, ಹಗಲು ರಾತ್ರಿ ಕಾವಲೂ ಇಟ್ಟ. ಎರಡೂ ಒಂದೇ ವಚನದಲ್ಲಿದೆ! ಓನೋ ಬಯಲಿಗೆ ಬಾ, ಸೇರೋಣ ಅಂತ ಶತ್ರುಗಳು 4 ಸಲ ಕರೆದರು. ನಾಲ್ಕು ಸಲವೂ ಅವನದು ಒಂದೇ ಉತ್ತರ: ದೊಡ್ಡ ಕೆಲಸದಲ್ಲಿದ್ದೇನೆ, ಬರಲಾರೆ. 5ನೇ ಸಲ ಬಂದದ್ದು ಮುಚ್ಚದ ಪತ್ರ, ಅದರ ತುಂಬ ರಾಜದ್ರೋಹದ ಆರೋಪ. ಆ ಹೊತ್ತಿಗೆ ಅವನು ಕೇಳಿಕೊಂಡದ್ದು ಇಷ್ಟೇ, ನನ್ನ ಕೈಗಳನ್ನು ಬಲಪಡಿಸು ಅಂತ. ಗೋಡೆ 52 ದಿನಗಳಲ್ಲಿ ಮುಗಿಯಿತು. ಆದರೆ ಆ ಅಧ್ಯಾಯದ ಕೊನೇ ಮಾತು ನೋಡಿ: ಟೋಬೀಯ ಹೆದರಿಸಲು ಪತ್ರ ಕಳಿಸುತ್ತಿದ್ದ. ಬೆದರಿಕೆ ನಿಂತಿರಲಿಲ್ಲ, ಕೆಲಸವೂ ನಿಂತಿರಲಿಲ್ಲ. ಇದನ್ನು ಓದಿದ ರಾತ್ರಿ ನನಗೆ ಎಷ್ಟು ಹಗುರವಾಯಿತು ಅಂತ ಹೇಳಲಾರೆ.

ಯೇಸುವಿನ ಸುವಾರ್ತೆ ಸಾರುತ್ತಿದ್ದ ಪೌಲ ಯೆರೂಸಲೇಮಿನಲ್ಲಿ ಸೆರೆಯಲ್ಲಿದ್ದಾಗ ಕರ್ತನೇ ರಾತ್ರಿ ಬಂದು, ಧೈರ್ಯವಾಗಿರು, ರೋಮಿನಲ್ಲೂ ನೀನು ಸಾಕ್ಷಿ ಹೇಳಬೇಕು ಅಂದಿದ್ದ. ಬೆಳಗಾದರೆ 40ಕ್ಕೂ ಜಾಸ್ತಿ ಜನ, ಅವನನ್ನು ಕೊಲ್ಲುವ ತನಕ ಅನ್ನ ನೀರು ಮುಟ್ಟಲ್ಲ ಅಂತ ಆಣೆ ಹಾಕಿದರು. ಸುದ್ದಿ ತಂದ ಸೋದರಳಿಯನನ್ನು ಪೌಲ ಸಹಸ್ರಾಧಿಪತಿಯ, ಅಂದರೆ ಅಲ್ಲಿನ ರೋಮನ್ ಸೇನಾಧಿಕಾರಿಯ, ಹತ್ತಿರ ಕಳಿಸಿದ. ದೇವರು ಮಾತು ಕೊಟ್ಟಿದ್ದಾನಲ್ಲ ಅಂತ ಸುಮ್ನೆ ಕೂರಲಿಲ್ಲ. ಅದೇ ರಾತ್ರಿ 470 ಸೈನಿಕರ ಕಾವಲಲ್ಲಿ ಊರು ದಾಟಿದ. ನೀವು ಕೊಡುವ ದೂರೂ ಅಂಥದ್ದೇ ಅಲ್ವಾ?

ನಂಬಿದವರಿಗೆ ಏನೂ ಆಗಲ್ಲ ಅನ್ನುವುದನ್ನು ಮಾತ್ರ ನಾನು ಒಪ್ಪಲ್ಲ. ಯೇಸುವಿನ ಶಿಷ್ಯ ಯಾಕೋಬನನ್ನು ರಾಜ ಹೆರೋದ ಕತ್ತಿಯಿಂದ ಕೊಲ್ಲಿಸಿದ. ಬೈಬಲಿನ ಅದೇ ಅಧ್ಯಾಯದಲ್ಲಿ ಇನ್ನೊಬ್ಬ ಶಿಷ್ಯ ಪೇತ್ರ ಸೆರೆಯಿಂದ ಪಾರಾದ. ಯಾಕೋಬನ ನಂಬಿಕೆ ಕಡಿಮೆಯಿತ್ತು ಅಂತ ಅಲ್ಲಿ ಬರೆದಿಲ್ಲ. ಯಾಕೆ ಹೀಗೆ ಅಂತ ದೇವರನ್ನು ಕೇಳಿ ಅತ್ತಿದ್ದೇನೆ. ಆದರೂ ನನ್ನ ಜೀವ ಫೋನ್ ಮಾಡುವವನ ಕೈಲಿಲ್ಲ, ದೇವರ ಕೈಲಿದೆ ಅನ್ನುವುದನ್ನು ಬಿಟ್ಟಿಲ್ಲ.

ಪ್ರತಿ ಕರೆಯ ತಾರೀಕು, ಹೊತ್ತು ಬರೆದಿಡಿ. ಮೆಸೇಜ್ ಅಳಿಸಬೇಡಿ. ಮನೆಯವರಿಗೆ ಹೇಳಿ. ಆರು ತಿಂಗಳು ಯಾರಿಗೂ ಹೇಳದೆ ಒಬ್ಬಳೇ ಒದ್ದಾಡಿದ್ದು ನಾನು ಮಾಡಿದ ದೊಡ್ಡ ತಪ್ಪು. ಒಬ್ಬರೇ ಬನ್ನಿ, ಮಾತಾಡೋಣ ಅಂತ ಅವನು ಕರೆದರೆ ದಯವಿಟ್ಟು ಹೋಗಬೇಡಿ. ಇವತ್ತು ರಾತ್ರಿ ಮನೆಯಲ್ಲಿ ಒಬ್ಬರೇ ಇದ್ದರೆ ಯಾರನ್ನಾದರೂ ಜೊತೆಗೆ ಕರೆಸಿಕೊಳ್ಳಿ. ನಿಮಗಾಗಿ ಪ್ರಾರ್ಥಿಸುತ್ತೇನೆ.