ಆಪ್ತಸಲಹೆ ಪ್ರಕರಣ: ಟೋಕಿಯೋದ ಮನೆಯಲ್ಲಿ ಒಂಟಿಯಾದ ತಾಯಿ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಮೈಸೂರು ಕಡೆಯವರಾದ ಶ್ರೀಮತಿ 'ಸ' ಪತಿಯ ಸಾಫ್ಟ್‌ವೇರ್ ಉದ್ಯೋಗದ ನಿಮಿತ್ತ ಟೋಕಿಯೋದಲ್ಲಿ ನೆಲೆಸಿದ್ದರು. ಅವರಿಗೆ ಪುಟ್ಟ ಮಗಳಿದ್ದಾಳೆ. 2020ರ ಶರತ್ಕಾಲದಲ್ಲಿ ಅಕ್ಕನ ಒತ್ತಾಯಕ್ಕೆ ಮಣಿದು ಅವರು ವಿಡಿಯೋ ಕರೆಯಲ್ಲಿ ನನ್ನೊಡನೆ ಮಾತಿಗೆ ಕುಳಿತರು. ಕೋವಿಡ್‌ನಿಂದಾಗಿ ಭಾರತಕ್ಕೆ ವಿಮಾನ ಸಂಚಾರ ನಿಂತಿದ್ದ ದಿನಗಳಲ್ಲಿ ತಂದೆ ತೀರಿಕೊಂಡಿದ್ದರು. ಅಂತ್ಯಸಂಸ್ಕಾರವನ್ನು ಮೊಬೈಲಿನಲ್ಲೇ ನೋಡಿದ್ದ ಅವರು ಆ ಬಳಿಕ ಯಾರೆದುರೂ ಅತ್ತಿರಲಿಲ್ಲ. "ಇವರು ಮನೆಯಿಂದಲೇ ಕೆಲಸ ಮಾಡುವಾಗ ಹೇಗೋ ನಡೀತಿತ್ತು ಮೇಡಂ. ಈಗ ಆಫೀಸಿಗೆ ಹೋಗ್ತಾರೆ, ಬಾಗಿಲು ಹಾಕಿದ ಸದ್ದು ಕೇಳಿದರೆ ಎದೆ ಹಿಂಡಿದ ಹಾಗಾಗುತ್ತೆ" ಎಂದರು.

ಊರಿನವರಿಗೆ ಇದು ಅರ್ಥವಾಗಿರಲಿಲ್ಲ. ನಿರ್ಬಂಧ ಸಡಿಲವಾಗುತ್ತಿರುವಾಗ ದುಃಖ ಹೆಚ್ಚುವುದೇಕೆ ಎಂದು ಅವರು ಕೇಳುತ್ತಿದ್ದರು. ಆದರೆ ದ್ವೀಪರಾಷ್ಟ್ರವಾದ ಜಪಾನಿನ ಅಂಕಿಅಂಶಗಳೂ ಇದನ್ನೇ ಹೇಳುತ್ತವೆ. ಸೋಂಕಿನ ಮೊದಲ ಅಲೆಯ ತಿಂಗಳುಗಳಲ್ಲಿ ಅಲ್ಲಿ ಆತ್ಮಹತ್ಯೆಗಳು ಇಳಿದಿದ್ದವು. ಜುಲೈ ನಂತರ ಏರತೊಡಗಿದವು. ಆ ವರ್ಷದ ಒಟ್ಟು ಸಂಖ್ಯೆ 21,081 ಆಗಿ, ಹನ್ನೊಂದು ವರ್ಷಗಳಲ್ಲಿ ಮೊದಲ ಬಾರಿಗೆ ಏರಿಕೆ ದಾಖಲಾಯಿತು. ಪುರುಷರ ಸಂಖ್ಯೆ ತುಸು ಇಳಿದರೂ ಮಹಿಳೆಯರದು 6,091ರಿಂದ 7,026ಕ್ಕೆ ಏರಿತು. ಅಂಗಡಿ, ಹೋಟೆಲುಗಳ ತಾತ್ಕಾಲಿಕ ಕೆಲಸಗಳನ್ನು ಹೆಚ್ಚಾಗಿ ಕಳೆದುಕೊಂಡವರೂ, ಶಾಲೆ ಮುಚ್ಚಿದಾಗ ಮಕ್ಕಳ ಹೊಣೆಯನ್ನು ಹೆಚ್ಚಾಗಿ ಹೊತ್ತವರೂ ಮಹಿಳೆಯರೇ. ಆತ್ಮಹತ್ಯೆಗೆ ಒಂದೇ ಕಾರಣವಿರುವುದಿಲ್ಲವಾದರೂ, ಆಪತ್ತಿನ ನಡುವೆ ಬಿಗಿಹಿಡಿದ ಮನಸ್ಸು ಆಪತ್ತು ತಗ್ಗಿದ ಮೇಲೆ ಕುಸಿಯಬಹುದೆಂಬುದನ್ನು ಕುಟುಂಬದವರು ಅರಿಯಬೇಕೆಂದು ನನಗೆ ಬಲವಾಗಿ ಅನ್ನಿಸುತ್ತದೆ.

"ಸಾಯಬೇಕು ಅನ್ನೋ ಯೋಚನೆ ಬರುತ್ತಾ?" ಎಂದು ನೇರವಾಗಿಯೇ ಕೇಳಿದೆ. ಹಾಗೆ ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಬಹಳ ಹೊತ್ತು ಸುಮ್ಮನಿದ್ದು, "ಬರುತ್ತೆ" ಎಂದು ಅತ್ತರು.

ಅವರ ಒಪ್ಪಿಗೆ ಪಡೆದು ಅಂದೇ ಪತಿಯನ್ನೂ ಮಾತಿಗೆ ಸೇರಿಸಿಕೊಂಡೆ. ಮನೆಯಲ್ಲಿದ್ದ ಔಷಧಿಗಳು ಪತಿಯ ಸುಪರ್ದಿಗೆ ಹೋದವು. ಕೆಲವು ವಾರ ಅವರನ್ನು ಹಗಲಲ್ಲಿ ಒಂಟಿಯಾಗಿ ಬಿಡಬಾರದೆಂದೂ, ಅಲ್ಲಿನ ಮನೋವೈದ್ಯರನ್ನು ತಡಮಾಡದೆ ಕಾಣಬೇಕೆಂದೂ ತಿಳಿಸಿದೆ. ಯೋಚನೆ ತೀವ್ರವಾದಾಗ ಮೊದಲು ಯಾರಿಗೆ ಕರೆ ಮಾಡುವುದು, ಅವರು ಸಿಗದಿದ್ದರೆ ಯಾರಿಗೆ ಎಂಬುದನ್ನು ಅವರ ಕೈಯಿಂದಲೇ ಬರೆಸಿದೆ. ಮೊದಲ ಹೆಸರು ಅಕ್ಕನದು. ತಂದೆಯ ಬಗ್ಗೆ ತಾಯಿಯೊಡನೆ ಮನಬಿಚ್ಚಿ ಮಾತಾಡುವಂತೆಯೂ ಹೇಳಿದೆ, ಏಕೆಂದರೆ ಇಬ್ಬರೂ ಒಬ್ಬರನ್ನೊಬ್ಬರು ನೋಯಿಸಬಾರದೆಂದು ಆ ಮಾತನ್ನೇ ಎತ್ತುತ್ತಿರಲಿಲ್ಲ. ಚಿಕಿತ್ಸೆ ಆರಂಭವಾಗಿ ನಿದ್ರೆ ಮರಳಿತು. ಆಪ್ತಸಲಹೆ ಮುಂದಿನ ವರ್ಷವೂ ನಡೆಯಿತು.

ಇಂಥ ಯೋಚನೆ ನಿಮ್ಮನ್ನು ಕಾಡುತ್ತಿದ್ದರೆ, ಭಾರತದಲ್ಲಿರುವವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ದಿನದ ಯಾವುದೇ ಹೊತ್ತಿನಲ್ಲಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.