ಫ್ಲ್ಯಾಟ್‌ನಲ್ಲೇ ಮಾಡೆಲ್ ರಾಕೆಟ್ ಮಾಡಬಹುದಾ?

ಮುಂಬೈ ಹತ್ತಿರದ ಡೊಂಬಿವಲಿಯ ಫ್ಲ್ಯಾಟ್‌ನಲ್ಲಿ ಮಗಳ ಜೊತೆ ರಾಕೆಟ್ ಮಾಡಬೇಕು, ಬಿಡಿಭಾಗ ಎಲ್ಲ ಮನೆಯಲ್ಲೇ ಆಗುತ್ತಾ ಅಂತ ಕೇಳಿದ್ದೀರಿ.

ಮದ್ದು ಉರಿದು ರಾಕೆಟ್ಟನ್ನು ಮೇಲೆ ತಳ್ಳುವ ಮೋಟಾರ್ ಒಂದು ಬಿಟ್ಟು ಎಲ್ಲ ಆಗುತ್ತೆ. ಮದ್ದನ್ನು ಮಾತ್ರ ದಯವಿಟ್ಟು ಮನೆಯಲ್ಲಿ ಮಾಡಬೇಡಿ. ಅಪಾಯವಂತೂ ಸರಿಯೇ, ಲೈಸೆನ್ಸ್ ಇಲ್ಲದೆ ತಯಾರಿಸಿದರೆ 1884ರ ಸ್ಫೋಟಕ ಕಾಯ್ದೆಯಡಿ ಅಪರಾಧವೂ ಹೌದು. ಶುರುವಿಗೆ ನೀರಿನ ರಾಕೆಟ್ಟೇ ಚೆಂದ: ಬಾಟಲಿಯಲ್ಲಿ ಸ್ವಲ್ಪ ನೀರಿಟ್ಟು ಪಂಪಿನಿಂದ ಗಾಳಿ ತುಂಬಿದರೆ, ಗಾಳಿಯ ಒತ್ತಡ ನೀರನ್ನು ಕೆಳಗೆ ಚಿಮ್ಮಿಸಿ ಬಾಟಲಿಯನ್ನು ಮೇಲೆ ಹಾರಿಸುತ್ತೆ.

2 ಲೀಟರಿನ ಕೂಲ್‌ಡ್ರಿಂಕ್ ಬಾಟಲಿ ತಗೊಳ್ಳಿ. ಸಾದಾ ನೀರಿನ ಬಾಟಲಿ ತೆಳು, ಒತ್ತಡ ತಡೆಯಲ್ಲ. ರೆಕ್ಕೆಗಳನ್ನು ಟೇಪಿನಿಂದ ಅಂಟಿಸಿ. ಬಿಸಿ ಗಮ್ ಬಾಟಲಿಯನ್ನು ಮೆತ್ತಗೆ ಮಾಡುತ್ತೆ. ರಾಕೆಟ್ಟಿನ ಮೂತಿಗೆ, ಅಂದರೆ ಮೇಲಾಗುವ ಬಾಟಲಿಯ ತಳಕ್ಕೆ, ದಪ್ಪ ರಟ್ಟಿನ ಶಂಕು ಸಾಕು. ಮಳೆಗಾಲದಲ್ಲಿ ಮುಂಬೈ ಕಡೆ ರಟ್ಟು ತೇವ ಹೀರಿ ಸೊಟ್ಟಗಾಗುತ್ತೆ, ಅದಕ್ಕೆ ವಾರ್ನಿಷ್ ಹಚ್ಚಿ.

ಹಾರಿಸುವ ಮೊದಲು ಒಂದು ಪರೀಕ್ಷೆ ಮಾಡಲೇಬೇಕು. ಖಾಲಿ ರಾಕೆಟ್ ಬೆರಳ ಮೇಲೆ ಸಮತೂಕವಾಗಿ ನಿಲ್ಲುವ ಜಾಗಕ್ಕೆ ದಾರ ಕಟ್ಟಿ, ತಲೆಯ ಸುತ್ತ ತಿರುಗಿಸಿ. ಮೂತಿ ಮುಂದಾಗಿ ಸಾಗಿದರೆ ಸರಿ. ಅಡ್ಡಾದಿಡ್ಡಿ ಹೊರಳಿದರೆ ಮೂತಿಯೊಳಗೆ ಸ್ವಲ್ಪ ಜೇಡಿಮಣ್ಣು ತುಂಬಿ, ಇಲ್ಲ ರೆಕ್ಕೆ ದೊಡ್ಡದು ಮಾಡಿ.

ಮೂರರಲ್ಲೊಂದು ಪಾಲು ನೀರು ತುಂಬಿ. ಉದ್ದ ಪೈಪ್ ಹಾಕಿ ದೂರದಿಂದಲೇ ಸೈಕಲ್ ಪಂಪ್ ಹೊಡೆಯಿರಿ. ಟೆರೇಸ್ ಮೇಲೆ ಬೇಡ, ವಿದ್ಯುತ್ ತಂತಿ ಇಲ್ಲದ ಮೈದಾನ ಹುಡುಕಿ.